ಡೊಮೇನ್ ಸ್ಕ್ಯಾನ್: ಸಾವಿರ ಜಾಲತಾಣಗಳಿಗೆ ಒಂದೇ ಒರೆಗಲ್ಲು

ಒಂದು ಸಂಸ್ಥೆಗೆ ಸೇರಿದ ನೂರಾರು ಅಥವಾ ಸಾವಿರಾರು ಅಂತರ್ಜಾಲ ವಿಳಾಸಗಳ ಭದ್ರತೆಯನ್ನು ಹೊರಗಿನಿಂದಲೇ, ಒಂದೇ ಅಳತೆಗೋಲಿನಿಂದ ಪರೀಕ್ಷಿಸಿ, ಫಲಿತಾಂಶವನ್ನು ಕೋಷ್ಟಕದ ರೂಪದಲ್ಲಿ ನೀಡುವ ತಂತ್ರಾಂಶವೇ ‘ಡೊಮೇನ್ ಸ್ಕ್ಯಾನ್’. ಅಮೆರಿಕದ ಒಕ್ಕೂಟ ಸರ್ಕಾರದ ‘18ಎಫ್’ ಎಂಬ ತಂತ್ರಜ್ಞಾನ ತಂಡ ಇದನ್ನು ರೂಪಿಸಿತು. ಇದರ ಜೊತೆಗೂಡಿ ಕೆಲಸ ಮಾಡುವ ‘ಪಿಎಸ್‌ಎಚ್‌ಟಿಟಿ’ ಎಂಬ ಇನ್ನೊಂದು ತಂತ್ರಾಂಶವನ್ನು ಅದೇ ತಂಡವು ಅಲ್ಲಿನ ಒಳನಾಡ ಭದ್ರತಾ ಇಲಾಖೆಯೊಡನೆ ಸೇರಿ ಸಿದ್ಧಪಡಿಸಿತು. ಎರಡನೆಯದರ ಹೆಸರನ್ನು ‘ಪುಶ್ಡ್’ ಎಂದು ಉಚ್ಚರಿಸಬೇಕೆಂಬುದು ಅದರ ಕರ್ತೃಗಳ ಸೂಚನೆ.

ಜಾಲತಾಣವೊಂದರ ಬೀಗ ಸರಿಯಾಗಿದೆಯೇ ಎಂದು ನೋಡುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಹಲವಾರು ಉಚಿತ ಸಾಧನಗಳಿವೆ. ಆದರೆ ದೊಡ್ಡ ಸಂಸ್ಥೆ ಅಥವಾ ಸರ್ಕಾರದ ಸಮಸ್ಯೆ ಬೇರೆಯೇ ಆಗಿರುತ್ತದೆ. ಅದಕ್ಕೆ ಎಷ್ಟು ಬಾಗಿಲುಗಳಿವೆ ಎಂಬುದೇ ಯಾರಿಗೂ ಪೂರ್ತಿಯಾಗಿ ತಿಳಿದಿರುವುದಿಲ್ಲ. ಮುಂಬಾಗಿಲಿಗೆ ಭದ್ರವಾದ ಅಗುಳಿ ಹಾಕಿ, ಹಿತ್ತಿಲ ಬಾಗಿಲನ್ನು ಮರೆತ ಮನೆಯಂತೆ, ಮುಖ್ಯ ಜಾಲತಾಣ ಸುರಕ್ಷಿತವಾಗಿದ್ದರೂ ಹಳೆಯ ಯೋಜನೆಯೊಂದರ ಉಪ ವಿಳಾಸದ ಮೂಲಕ ನಾಗರಿಕರ ಮಾಹಿತಿ ಸೋರಿಹೋಗಬಹುದು. ಈ ಕಾರಣದಿಂದಲೇ ಬಹು ಡೊಮೇನ್‌ಗಳ ಪರಿಶೋಧನೆ ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ.

ಹಿನ್ನೆಲೆ

ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆ ಎಚ್‌ಟಿಟಿಪಿ ಎಂಬ ಹಳೆಯ ನಿಯಮಾವಳಿಯಂತೆ ನಡೆದರೆ, ಅದು ಅಂಚೆ ಕಾರ್ಡಿನ ಬರಹವಿದ್ದಂತೆ. ನಡುದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದು, ಅಳಿಸಿ ಬೇರೆಯದನ್ನು ಬರೆಯಲೂಬಹುದು. ಎಚ್‌ಟಿಟಿಪಿಎಸ್ ಈ ಮಾತುಕತೆಯನ್ನು ಗೂಢಲಿಪಿಯಲ್ಲಿ ಮುಚ್ಚುವುದಲ್ಲದೆ, ಎದುರಿಗಿರುವ ಸರ್ವರ್ ತಾನು ಹೇಳಿಕೊಳ್ಳುವ ವಿಳಾಸದ್ದೇ ಎಂಬುದನ್ನು ಪ್ರಮಾಣಪತ್ರದ ಮೂಲಕ ಖಚಿತಪಡಿಸುತ್ತದೆ. ಬ್ಯಾಂಕುಗಳು, ಖರೀದಿ ತಾಣಗಳು ಇದನ್ನು ಬಹಳ ಹಿಂದೆಯೇ ಅಳವಡಿಸಿಕೊಂಡಿದ್ದರೂ, ‘ನಮ್ಮದು ಬರೀ ಮಾಹಿತಿ ನೀಡುವ ತಾಣ, ನಮಗೇಕೆ?’ ಎಂಬ ಧೋರಣೆ ಸರ್ಕಾರಿ ವಲಯದಲ್ಲಿ ವ್ಯಾಪಕವಾಗಿತ್ತು.

2015ರ ಜೂನ್ 8ರಂದು ಅಮೆರಿಕ ಅಧ್ಯಕ್ಷರ ಕಚೇರಿಯ ಆಡಳಿತ ಮತ್ತು ಆಯವ್ಯಯ ವಿಭಾಗವು ‘ಎಂ-15-13’ ಎಂಬ ಜ್ಞಾಪನ ಪತ್ರವನ್ನು ಹೊರಡಿಸಿ ಈ ಧೋರಣೆಗೆ ತೆರೆ ಎಳೆಯಿತು. ಆಗಿನ ಮುಖ್ಯ ಮಾಹಿತಿ ಅಧಿಕಾರಿ ಟೋನಿ ಸ್ಕಾಟ್ ಸಹಿ ಮಾಡಿದ ಈ ಆದೇಶದ ಪ್ರಕಾರ, ಸಾರ್ವಜನಿಕರಿಗೆ ತೆರೆದಿರುವ ಒಕ್ಕೂಟ ಸರ್ಕಾರದ ಎಲ್ಲ ಜಾಲತಾಣಗಳೂ 2016ರ ಡಿಸೆಂಬರ್ 31ರೊಳಗೆ ಎಚ್‌ಟಿಟಿಪಿಎಸ್‌ಗೆ ಬದಲಾಗಬೇಕಿತ್ತು. ಬರೀ ಮಾಹಿತಿ ನೀಡುವ ತಾಣಗಳಿಗೂ ವಿನಾಯಿತಿ ಇರಲಿಲ್ಲ. ಯಾವ ರೋಗದ ಬಗ್ಗೆ ಓದಿದ, ಯಾವ ಸಹಾಯಧನದ ಅರ್ಜಿ ಹುಡುಕಿದ ಎಂಬುದೂ ಆ ವ್ಯಕ್ತಿಯ ಖಾಸಗಿ ವಿಷಯವೇ ಎಂಬ ನಿಲುವು ಇದರ ಹಿಂದಿತ್ತು.

ಆದೇಶ ಹೊರಡಿಸಿದ್ದಾಯಿತು, ಪಾಲನೆಯಾಗಿದೆಯೇ ಎಂದು ನೋಡುವವರಾರು? ಪ್ರತಿ ಇಲಾಖೆಯಿಂದ ಪತ್ರ ಬರೆಸಿ ವರದಿ ತರಿಸಿಕೊಳ್ಳುವುದು ಎಲ್ಲ ಸರ್ಕಾರಗಳಿಗೂ ಪರಿಚಿತವಾದ ದಾರಿ. ಇಲಾಖೆಗಳನ್ನು ಕೇಳದೆ, ಅವುಗಳ ಜಾಲತಾಣಗಳನ್ನೇ ಕೇಳುವ ದಾರಿಯನ್ನು ಡೊಮೇನ್ ಸ್ಕ್ಯಾನ್ ತೆರೆಯಿತು. ವಾಷಿಂಗ್ಟನ್‌ನ 18ನೇ ರಸ್ತೆ ಮತ್ತು ಎಫ್ ರಸ್ತೆ ಕೂಡುವಲ್ಲಿ ಕಚೇರಿ ಹೊಂದಿದ್ದ ಕಾರಣ ‘18ಎಫ್’ ಎಂದು ಹೆಸರಾದ ತಂಡವು 2014ರಲ್ಲಿ ಆರಂಭವಾಗಿತ್ತು. ಅದು 2015ರಲ್ಲಿ ‘ಪಲ್ಸ್’ ಎಂಬ ಸಾರ್ವಜನಿಕ ಫಲಕವನ್ನು ತೆರೆದು, ಯಾವ ಇಲಾಖೆಯ ಯಾವ ಡೊಮೇನ್ ಎಚ್‌ಟಿಟಿಪಿಎಸ್ ಬಳಸುತ್ತಿದೆ, ಯಾವುದು ಇಲ್ಲ ಎಂಬುದನ್ನು ಹೆಸರು ಸಹಿತ ಪ್ರಕಟಿಸಿತು.

ಮೊದಲ ಹಂತ: ಪಟ್ಟಿ ಕಟ್ಟುವುದು

ಡೊಮೇನ್ ಸ್ಕ್ಯಾನ್‌ನ ಕೆಲಸ ಎರಡು ಭಾಗಗಳಲ್ಲಿ ನಡೆಯುತ್ತದೆ. ಒಂದು ವಿಳಾಸಗಳನ್ನು ಸಂಗ್ರಹಿಸುವುದು, ಇನ್ನೊಂದು ಸಂಗ್ರಹಿಸಿದ ವಿಳಾಸಗಳನ್ನು ಪರೀಕ್ಷಿಸುವುದು. ಹೊರನೋಟಕ್ಕೆ ಎರಡನೆಯದೇ ಮುಖ್ಯವೆನಿಸಿದರೂ, ಹೆಚ್ಚು ಶ್ರಮ ಬೇಡುವುದು ಮೊದಲನೆಯದು.

ಅಮೆರಿಕ ಸರ್ಕಾರದ ‘ಡಾಟ್ ಗವ್’ ಡೊಮೇನ್‌ಗಳ ಪಟ್ಟಿ ಸಾರ್ವಜನಿಕವಾಗಿ ಲಭ್ಯವಿದೆ. ಆದರೆ ಅದರಲ್ಲಿರುವುದು ಮೂಲ ಹೆಸರುಗಳು ಮಾತ್ರ. ಪ್ರತಿ ಮೂಲ ಹೆಸರಿನಡಿ ಇಲಾಖೆಯವರು ಯಾರ ಅನುಮತಿಯನ್ನೂ ಕೇಳದೆ ಎಷ್ಟು ಬೇಕಾದರೂ ಉಪ ಡೊಮೇನ್‌ಗಳನ್ನು ಸೃಷ್ಟಿಸಿಕೊಳ್ಳಬಹುದು. ಸಮ್ಮೇಳನಕ್ಕೊಂದು, ನೇಮಕಾತಿಗೊಂದು, ಪ್ರಾಯೋಗಿಕ ಪರೀಕ್ಷೆಗೊಂದು ಎಂದು ಹುಟ್ಟಿಕೊಂಡ ಇವು ಕೆಲಸ ಮುಗಿದ ಮೇಲೂ ಉಳಿದುಬಿಡುತ್ತವೆ. ತೆರೆದ ಅಧಿಕಾರಿ ವರ್ಗವಾಗಿ ಹೋದ ಬಳಿಕ ಅವುಗಳ ನೆನಪೂ ಕಚೇರಿಯಲ್ಲಿ ಉಳಿಯುವುದಿಲ್ಲ.

ಇಂತಹ ಮರೆತ ವಿಳಾಸಗಳನ್ನು ಪತ್ತೆಹಚ್ಚಲು ಡೊಮೇನ್ ಸ್ಕ್ಯಾನ್ ಹಲವು ಮೂಲಗಳನ್ನು ಬಳಸುತ್ತದೆ. ಸರ್ಕಾರಿ ತಾಣಗಳ ಭೇಟಿಗಳನ್ನು ಎಣಿಸುವ ವ್ಯವಸ್ಥೆಯ ಮಾಹಿತಿ ಒಂದು ಮೂಲ. ಅಂತರ್ಜಾಲವನ್ನೇ ನಿರಂತರವಾಗಿ ಜಾಲಾಡುವ ‘ಸೆನ್ಸಿಸ್’ ಸೇವೆ ಇನ್ನೊಂದು. ಎಲ್ಲಕ್ಕಿಂತ ಫಲಪ್ರದವಾದದ್ದು ಪ್ರಮಾಣಪತ್ರಗಳ ಸಾರ್ವಜನಿಕ ದಾಖಲೆ.

ಈ ದಾಖಲೆಯ ಹಿಂದೆ ಒಂದು ಕಹಿ ಅನುಭವವಿದೆ. 2011ರಲ್ಲಿ ನೆದರ್‌ಲೆಂಡ್ಸ್‌ನ ‘ಡಿಜಿನೋಟಾರ್’ ಎಂಬ ಪ್ರಮಾಣಪತ್ರ ವಿತರಣಾ ಸಂಸ್ಥೆಯೊಳಗೆ ನುಸುಳಿದ ಕನ್ನಗಾರರು ಗೂಗಲ್ ಮೊದಲಾದ ತಾಣಗಳ ಹೆಸರಿನಲ್ಲಿ ನಕಲಿ ಪ್ರಮಾಣಪತ್ರಗಳನ್ನು ಪಡೆದರು. ಅದೇ ವರ್ಷ ಆ ಸಂಸ್ಥೆ ದಿವಾಳಿಯಾಯಿತು. ಯಾವ ಸಂಸ್ಥೆ ಯಾರಿಗೆ ಪ್ರಮಾಣಪತ್ರ ನೀಡಿತು ಎಂಬುದು ಬಹಿರಂಗವಾಗಿ ದಾಖಲಾಗಬೇಕು, ದಾಖಲಾದುದನ್ನು ಅಳಿಸಲು ಯಾರಿಗೂ ಸಾಧ್ಯವಾಗಬಾರದು ಎಂಬ ಚಿಂತನೆ ಇದರಿಂದ ಬಲಗೊಂಡಿತು. 2013ರಲ್ಲಿ ಇದಕ್ಕೆ ತಾಂತ್ರಿಕ ನಿಯಮಾವಳಿ ರೂಪುಗೊಂಡಿತು. 2018ರಿಂದ ಕ್ರೋಮ್ ಬ್ರೌಸರ್ ಹೊಸ ಪ್ರಮಾಣಪತ್ರಗಳೆಲ್ಲವೂ ಹೀಗೆ ದಾಖಲಾಗಿರಬೇಕೆಂದು ಕಡ್ಡಾಯಗೊಳಿಸಿತು. ಮೋಸವನ್ನು ಪತ್ತೆಹಚ್ಚಲೆಂದು ಹುಟ್ಟಿದ ಈ ದಾಖಲೆ, ಮರೆತ ವಿಳಾಸಗಳನ್ನು ಹುಡುಕುವವರಿಗೂ ದೊಡ್ಡ ನಿಧಿಯಾಗಿದೆ. ಪ್ರಮಾಣಪತ್ರ ಪಡೆದ ಪ್ರತಿ ಉಪ ಡೊಮೇನ್‌ನ ಹೆಸರೂ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಇದೇ ನಿಧಿ ಕನ್ನಗಾರರ ಕೈಗೂ ಎಟಕುತ್ತದೆಯಾದ್ದರಿಂದ, ಸಂಸ್ಥೆಗೆ ತನ್ನ ವಿಳಾಸಗಳ ಅರಿವು ಅವರಿಗಿಂತ ಮೊದಲೇ ಇರಬೇಕಾಗುತ್ತದೆ.

ಎರಡನೇ ಹಂತ: ನಾಲ್ಕು ಬಾಗಿಲು ತಟ್ಟುವುದು

ಪಟ್ಟಿ ಸಿದ್ಧವಾದ ಮೇಲೆ ಪಿಎಸ್‌ಎಚ್‌ಟಿಟಿಯ ಸರದಿ. ಪ್ರತಿ ಮೂಲ ಡೊಮೇನ್‌ಗೂ ಅದು ನಾಲ್ಕು ಬಗೆಯಲ್ಲಿ ಸಂಪರ್ಕ ಸಾಧಿಸಲು ಯತ್ನಿಸುತ್ತದೆ. ಬರಿಯ ಹೆಸರಿಗೆ ಎಚ್‌ಟಿಟಿಪಿಯಲ್ಲಿ ಒಮ್ಮೆ, ಎಚ್‌ಟಿಟಿಪಿಎಸ್‌ನಲ್ಲಿ ಒಮ್ಮೆ. ಹೆಸರಿನ ಮುಂದೆ ಮೂರು ಡಬ್ಲ್ಯುಗಳನ್ನು ಸೇರಿಸಿ ಮತ್ತೆ ಎರಡು ಬಾರಿ. ಸಾಮಾನ್ಯ ಬಳಕೆದಾರನ ಕಣ್ಣಿಗೆ ಇವು ನಾಲ್ಕೂ ಒಂದೇ ತಾಣ. ಆದರೆ ಸರ್ವರ್‌ನ ದೃಷ್ಟಿಯಲ್ಲಿ ನಾಲ್ಕು ಬೇರೆ ಬೇರೆ ಬಾಗಿಲುಗಳು. ಮೂರು ಭದ್ರವಾಗಿದ್ದು ಒಂದು ತೆರೆದಿದ್ದರೂ ತಾಣ ಅಸುರಕ್ಷಿತವೇ.

ನಾಲ್ಕು ಉತ್ತರಗಳನ್ನು ಹೋಲಿಸಿ ತಂತ್ರಾಂಶ ಹಲವು ತೀರ್ಮಾನಗಳಿಗೆ ಬರುತ್ತದೆ. ತಾಣ ಜೀವಂತವಾಗಿದೆಯೇ? ಬೇರೆ ವಿಳಾಸಕ್ಕೆ ಕಳುಹಿಸುವ ಕೈಮರ ಮಾತ್ರವೇ? ಎಚ್‌ಟಿಟಿಪಿಯಲ್ಲಿ ಬಂದವರನ್ನು ತಾನಾಗಿ ಎಚ್‌ಟಿಟಿಪಿಎಸ್‌ಗೆ ಕರೆದೊಯ್ಯುತ್ತದೆಯೇ? ಇಲ್ಲವೇ ಸುರಕ್ಷಿತವಾಗಿ ಬಂದವರನ್ನೇ ಅಸುರಕ್ಷಿತ ದಾರಿಗೆ ಇಳಿಸುತ್ತದೆಯೇ? ಎಚ್‌ಟಿಟಿಪಿಎಸ್ ಇದ್ದೂ ಅದನ್ನು ಬಳಸಲು ಬಿಡದ ಇಂತಹ ತಾಣಗಳನ್ನು ಗುರುತಿಸುವುದು ಈ ಹೋಲಿಕೆಯ ಒಂದು ಮುಖ್ಯ ಪ್ರಯೋಜನ.

ಪ್ರಮಾಣಪತ್ರದ ತಪಾಸಣೆಯೂ ಇದೇ ವೇಳೆ ನಡೆಯುತ್ತದೆ. ಅವಧಿ ಮುಗಿದಿರುವುದು, ಬೇರೊಂದು ಹೆಸರಿಗೆ ನೀಡಿದ ಪತ್ರವನ್ನು ತೋರಿಸುವುದು, ತನಗೆ ತಾನೇ ಸಹಿ ಹಾಕಿಕೊಂಡಿರುವುದು, ನಂಬಿಕೆಯ ಸರಪಳಿಯ ನಡುವಿನ ಕೊಂಡಿ ಕಾಣೆಯಾಗಿರುವುದು ಇವೇ ಸಾಮಾನ್ಯವಾಗಿ ಕಂಡುಬರುವ ನಾಲ್ಕು ದೋಷಗಳು. ಪಿಎಸ್‌ಎಚ್‌ಟಿಟಿ ಇವನ್ನು ಒಟ್ಟಾಗಿ ‘ದೋಷಪೂರಿತ’ ಎಂದು ಸಾರದೆ, ಒಂದೊಂದನ್ನೂ ಪ್ರತ್ಯೇಕ ಅಂಕಣದಲ್ಲಿ ದಾಖಲಿಸುತ್ತದೆ. ಅವಧಿ ಮುಗಿದ ಪತ್ರಕ್ಕೆ ಬೇಕಾದ ಮದ್ದು ನವೀಕರಣ. ಹೆಸರು ತಪ್ಪಿದ್ದರೆ ಬೇಕಾದದ್ದು ಸರ್ವರ್‌ನ ಸಂರಚನೆಯ ತಿದ್ದುಪಡಿ. ದೋಷ ಬೇರೆಯಾದಂತೆ ಅದನ್ನು ಸರಿಪಡಿಸಬೇಕಾದವರೂ ಬೇರೆಯಾಗುತ್ತಾರೆ.

ಎಚ್‌ಎಸ್‌ಟಿಎಸ್ ಎಂಬ ಕಟ್ಟಪ್ಪಣೆ

ಬಳಕೆದಾರನು ವಿಳಾಸವನ್ನು ಬೆರಳಚ್ಚಿಸುವಾಗ ‘ಎಚ್‌ಟಿಟಿಪಿಎಸ್’ ಎಂದು ಮುಂದೆ ಸೇರಿಸುವುದು ಅಪರೂಪ. ಹಾಗಾಗಿ ಬ್ರೌಸರ್‌ನ ಮೊದಲ ಕರೆ ಅಸುರಕ್ಷಿತ ದಾರಿಯಲ್ಲಿ ಹೋಗುವ ಸಾಧ್ಯತೆ ಬಹುಕಾಲ ಉಳಿದಿತ್ತು. ಕಾಫಿ ಅಂಗಡಿಯ ಅಥವಾ ರೈಲು ನಿಲ್ದಾಣದ ವೈಫೈ ಜಾಲದಲ್ಲಿ ಹೊಂಚು ಹಾಕಿದವರಿಗೆ ಆ ಒಂದು ಕರೆಯೇ ಸಾಕು. ಇದನ್ನು ತಡೆಯಲು 2012ರ ನವೆಂಬರ್‌ನಲ್ಲಿ ‘ಎಚ್‌ಎಸ್‌ಟಿಎಸ್’ ಎಂಬ ನಿಯಮ ಪ್ರಕಟವಾಯಿತು. ಇದರಂತೆ ಜಾಲತಾಣವು ಬ್ರೌಸರ್‌ಗೆ, ‘ಇನ್ನು ಇಷ್ಟು ಕಾಲ ನನ್ನೊಡನೆ ಗೂಢಲಿಪಿಯಲ್ಲಲ್ಲದೆ ಮಾತನಾಡಬೇಡ’ ಎಂದು ಅಪ್ಪಣೆ ನೀಡುತ್ತದೆ. ಅವಧಿಯನ್ನು ಸೆಕೆಂಡುಗಳಲ್ಲಿ ಹೇಳಲಾಗುತ್ತದೆ. ಕನಿಷ್ಠ ಒಂದು ವರ್ಷ, ಅಂದರೆ 3,15,36,000 ಸೆಕೆಂಡುಗಳ ಅಪ್ಪಣೆಯಿದ್ದರೆ ಮಾತ್ರ ಪಿಎಸ್‌ಎಚ್‌ಟಿಟಿ ಅದನ್ನು ‘ಪ್ರಬಲ’ ಎಂದು ಪರಿಗಣಿಸುತ್ತದೆ.

ಇದಕ್ಕಿಂತಲೂ ಮುಂದಿನ ಹೆಜ್ಜೆ, ಡೊಮೇನ್‌ನ ಹೆಸರನ್ನು ಬ್ರೌಸರ್‌ನೊಳಗೇ ಮೊದಲೇ ಸೇರಿಸಿಬಿಡುವುದು. ಆಗ ಮೊಟ್ಟಮೊದಲ ಭೇಟಿಯೂ ಸುರಕ್ಷಿತವಾಗಿರುತ್ತದೆ. ಅದರಡಿಯ ಎಲ್ಲ ಉಪ ಡೊಮೇನ್‌ಗಳಿಗೂ, ಮರೆತುಹೋದವುಗಳಿಗೂ, ಈ ನಿಯಮ ಅನ್ವಯಿಸುತ್ತದೆ. 2017ರ ಮೇ 15ರಿಂದ ಅಮೆರಿಕದ ಒಕ್ಕೂಟ ಕಾರ್ಯಾಂಗದ ಹೊಸ ಡೊಮೇನ್‌ಗಳನ್ನೂ, 2020ರ ಸೆಪ್ಟೆಂಬರ್ 1ರಿಂದ ಎಲ್ಲ ಹೊಸ ‘ಡಾಟ್ ಗವ್’ ಡೊಮೇನ್‌ಗಳನ್ನೂ ಹೀಗೆ ಸೇರಿಸುವ ಪದ್ಧತಿ ಜಾರಿಗೆ ಬಂದಿತು.

ಜೊತೆಗಾರ ಸಾಧನಗಳು

ಡೊಮೇನ್ ಸ್ಕ್ಯಾನ್ ಎಲ್ಲ ಪರೀಕ್ಷೆಗಳನ್ನೂ ತಾನೇ ಮಾಡುವುದಿಲ್ಲ. ಬೇರೆ ಬೇರೆ ಪರಿಣತ ಸಾಧನಗಳಿಗೆ ಒಂದೇ ಪಟ್ಟಿಯನ್ನು ಹಂಚಿ, ಬಂದ ಉತ್ತರಗಳನ್ನು ಒಂದೇ ಅಚ್ಚಿಗೆ ಹಾಕುವ ಮೇಸ್ತ್ರಿಯ ಕೆಲಸ ಅದರದು. ‘ಎಸ್‌ಎಸ್‌ಎಲ್‌ವೈಝ್’ ಎಂಬ ಸಾಧನವು ಸರ್ವರ್ ಬಳಸುವ ಗೂಢಲಿಪಿಗಳ ಬಲಾಬಲವನ್ನು ಅಳೆದು, ಎಂದೋ ಮುರಿದುಬಿದ್ದ ಹಳೆಯ ಲಿಪಿಗಳು ಇನ್ನೂ ಚಾಲ್ತಿಯಲ್ಲಿವೆಯೇ ಎಂದು ನೋಡುತ್ತದೆ. ‘ಟ್ರಸ್ಟಿಮೇಲ್’ ಎಂಬುದು ಇಮೇಲ್‌ಗೆ ಸಂಬಂಧಿಸಿದ್ದು. ಸಂಸ್ಥೆಯ ಹೆಸರಿನಲ್ಲಿ ಬೇರೆಯವರು ಮಿಂಚಂಚೆ ಕಳುಹಿಸದಂತೆ ತಡೆಯುವ ‘ಎಸ್‌ಪಿಎಫ್’ ಮತ್ತು ‘ಡಿಮಾರ್ಕ್’ ದಾಖಲೆಗಳನ್ನು ಇದು ಪರಿಶೀಲಿಸುತ್ತದೆ. ಪುಟದೊಳಗೆ ಯಾವ ಯಾವ ಹೊರಗಿನ ಕಂಪನಿಗಳ ಸೇವೆಗಳು ಅಡಗಿವೆ ಎಂಬುದನ್ನು ಪತ್ತೆಹಚ್ಚುವ, ಅಂಗವಿಕಲರಿಗೆ ತಾಣ ಸುಗಮವಾಗಿದೆಯೇ ಎಂದು ನೋಡುವ ಪರೀಕ್ಷೆಗಳೂ ಇವೆ.

ಸಾವಿರಾರು ವಿಳಾಸಗಳನ್ನು ಒಂದರ ನಂತರ ಒಂದರಂತೆ ಪರೀಕ್ಷಿಸಿದರೆ, ಉತ್ತರಿಸದ ಸರ್ವರ್‌ಗಳಿಗೆ ಕಾಯುವುದರಲ್ಲೇ ದಿನಗಳು ಕಳೆಯುತ್ತವೆ. ಆದ್ದರಿಂದ ಹಲವು ಪರೀಕ್ಷೆಗಳನ್ನು ಏಕಕಾಲಕ್ಕೆ ನಡೆಸುವ, ಅಗತ್ಯವಿದ್ದರೆ ಅಮೆಜಾನ್‌ನ ‘ಲ್ಯಾಂಬ್ಡಾ’ ಸೇವೆಯ ಮೂಲಕ ಕೆಲಸವನ್ನು ನೂರಾರು ಕಡೆ ಹಂಚುವ ವ್ಯವಸ್ಥೆಯನ್ನು ಇದಕ್ಕೆ ಅಳವಡಿಸಲಾಗಿದೆ. ಪೈಥಾನ್ ಭಾಷೆಯಲ್ಲಿ ಬರೆದ ಈ ತಂತ್ರಾಂಶದ ಫಲಿತಾಂಶ ಮಾತ್ರ ಯಾವುದೇ ಕಚೇರಿಯ ಗಣಕದಲ್ಲಿ ತೆರೆದುಕೊಳ್ಳುವ ಸರಳ ಕೋಷ್ಟಕ.

ಪರಿಣಾಮ

ಪಲ್ಸ್ ಫಲಕದಲ್ಲಿ ಇಲಾಖೆಗಳ ಹೆಸರು ಸಾಲಾಗಿ ಕಾಣಿಸಿಕೊಂಡಿದ್ದು ಒಳ್ಳೆಯ ಒತ್ತಡವಾಗಿ ಪರಿಣಮಿಸಿತು. ತನ್ನ ಸಾಲಿನಲ್ಲಿ ‘ಇಲ್ಲ’ ಎಂದಿರುವುದನ್ನು ಪಕ್ಕದ ಇಲಾಖೆಯವರು, ಪತ್ರಕರ್ತರು, ಜನಪ್ರತಿನಿಧಿಗಳು ನೋಡಬಹುದೆಂಬ ಅರಿವೇ ಕೆಲಸ ಮಾಡಿಸುವ ಶಕ್ತಿಯಾಯಿತು. ಮುಂದೆ 2017ರ ಅಕ್ಟೋಬರ್ 16ರಂದು ಒಳನಾಡ ಭದ್ರತಾ ಇಲಾಖೆಯು ‘ಬಿಒಡಿ 18-01’ ಎಂಬ ಕಡ್ಡಾಯ ನಿರ್ದೇಶನವನ್ನು ಹೊರಡಿಸಿತು. 120 ದಿನಗಳೊಳಗೆ ಎಲ್ಲ ತಾಣಗಳಲ್ಲಿ ಎಚ್‌ಟಿಟಿಪಿಎಸ್ ಮತ್ತು ಎಚ್‌ಎಸ್‌ಟಿಎಸ್ ಜಾರಿ ಹಾಗೂ ‘ಆರ್‌ಸಿ4’, ‘3ಡಿಇಎಸ್’ ಎಂಬ ದುರ್ಬಲ ಗೂಢಲಿಪಿಗಳ ರದ್ದತಿ, ಒಂದು ವರ್ಷದೊಳಗೆ ನಕಲಿ ಮಿಂಚಂಚೆಗಳನ್ನು ಪೂರ್ಣವಾಗಿ ತಿರಸ್ಕರಿಸುವ ಡಿಮಾರ್ಕ್ ನೀತಿ ಅದರ ಮುಖ್ಯ ಅಂಶಗಳು. ಪಾಲನೆಯನ್ನು ಅಳೆಯಲು ಪಿಎಸ್‌ಎಚ್‌ಟಿಟಿ ಮತ್ತು ಟ್ರಸ್ಟಿಮೇಲ್‌ಗಳೇ ಅಳತೆಗೋಲಾದವು.

ಅಳೆಯುವ ಸಾಧನದ ಮೂಲ ಬರಹವೂ ಬಹಿರಂಗವಾಗಿತ್ತೆಂಬುದು ಇಲ್ಲಿ ಗಮನಾರ್ಹ. ತನಗೆ ಅನ್ಯಾಯವಾಗಿದೆ ಎಂದು ಭಾವಿಸಿದ ಇಲಾಖೆ ಅದೇ ತಂತ್ರಾಂಶವನ್ನು ತಾನೇ ಓಡಿಸಿ ನೋಡಬಹುದಿತ್ತು. ತಪಾಸಣೆ ಮಾಡುವವನ ತಕ್ಕಡಿಯನ್ನೂ ತೂಗಿ ನೋಡುವ ಅವಕಾಶ ತಪಾಸಣೆಗೆ ಒಳಗಾಗುವವರಿಗೆ ದೊರೆಯುವುದು ವಿರಳ.

ಕಟ್ಟಪ್ಪಣೆಗೆ ತೆತ್ತ ಬೆಲೆಯೂ ಬೇಗನೆ ಕಂಡುಬಂದಿತು. 2018ರ ಡಿಸೆಂಬರ್ 22ರಿಂದ 2019ರ ಜನವರಿ 25ರವರೆಗೆ ಆಯವ್ಯಯದ ಬಿಕ್ಕಟ್ಟಿನಿಂದ ಅಮೆರಿಕ ಸರ್ಕಾರದ ಹಲವು ಕಚೇರಿಗಳು ಮುಚ್ಚಿದ್ದವು. ಆ ಅವಧಿಯಲ್ಲಿ ‘ಡಾಟ್ ಗವ್’ ತಾಣಗಳ 80ಕ್ಕೂ ಹೆಚ್ಚು ಪ್ರಮಾಣಪತ್ರಗಳು ನವೀಕರಣವಿಲ್ಲದೆ ಅವಧಿ ಮೀರಿದ್ದನ್ನು ಬ್ರಿಟನ್ನಿನ ‘ನೆಟ್‌ಕ್ರಾಫ್ಟ್’ ಸಂಸ್ಥೆ ವರದಿ ಮಾಡಿತು. ಸಾಮಾನ್ಯವಾಗಿ ಇಂತಹ ತಾಣ ತೆರೆದಾಗ ಬ್ರೌಸರ್ ಎಚ್ಚರಿಕೆ ನೀಡಿ, ಬೇಕಿದ್ದರೆ ಮುಂದುವರಿಯಲು ಬಿಡುತ್ತದೆ. ಬ್ರೌಸರ್‌ನೊಳಗೆ ಮೊದಲೇ ಸೇರಿಸಲಾದ ಡೊಮೇನ್‌ಗಳಲ್ಲಿ ಆ ಅವಕಾಶವೂ ಇರುವುದಿಲ್ಲ. ನ್ಯಾಯ ಇಲಾಖೆಯ ಒಂದು ತಾಣ ಹೀಗೆ ಪೂರ್ತಿಯಾಗಿ ಬಾಗಿಲು ಹಾಕಿಕೊಂಡಿತು. ಬೀಗ ಬಲವಾದಷ್ಟೂ ಕೀಲಿಕೈ ಕಾಯುವವರು ಎಚ್ಚರವಾಗಿರಬೇಕೆಂಬುದು ಈ ಪ್ರಸಂಗದಿಂದ ತಿಳಿಯುತ್ತದೆ.

ಮಿತಿಗಳು

ಹೊರಗಿನ ತಪಾಸಣೆ ಬಾಗಿಲು, ಕಿಟಕಿಗಳನ್ನು ನೋಡಬಲ್ಲದು. ಮನೆಯೊಳಗಿನ ತಿಜೋರಿಯನ್ನಲ್ಲ. ಜಾಲತಾಣದ ಒಳಗಿನ ತಂತ್ರಾಂಶದಲ್ಲಿ ದೋಷವಿದ್ದರೆ, ನೌಕರನೊಬ್ಬನ ಗುಪ್ತಪದ ಕಳುವಾಗಿದ್ದರೆ, ಎಚ್‌ಟಿಟಿಪಿಎಸ್‌ನ ಬೀಗದ ಗುರುತು ಅದನ್ನು ತೋರಿಸುವುದಿಲ್ಲ.

ಅಮೆರಿಕದ ಸಾಲ ಮಾಹಿತಿ ಸಂಸ್ಥೆ ‘ಈಕ್ವಿಫ್ಯಾಕ್ಸ್’ನ 2017ರ ದುರಂತ ಇದಕ್ಕೆ ನಿದರ್ಶನ. ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾದ ಈ ಪ್ರಕರಣದ ಮೂಲ ‘ಅಪಾಚೆ ಸ್ಟ್ರಟ್ಸ್’ ತಂತ್ರಾಂಶದ ಒಂದು ದೋಷ. ದೋಷದ ಸುದ್ದಿ 2017ರ ಮಾರ್ಚ್‌ನಲ್ಲೇ ಪ್ರಕಟವಾಗಿತ್ತು. ಸಂಸ್ಥೆ ತಪಾಸಣೆಯನ್ನೂ ನಡೆಸಿತ್ತು. ಆದರೆ ದೋಷವಿದ್ದ ಜಾಗವನ್ನು ಆ ತಪಾಸಣೆ ಮುಟ್ಟಲೇ ಇಲ್ಲ. ಜಾಲದ ಸಂಚಾರವನ್ನು ಕಾಯಬೇಕಿದ್ದ ಒಳಗಿನ ಸಾಧನವೊಂದರ ಪ್ರಮಾಣಪತ್ರದ ಅವಧಿ ಮುಗಿದು 19 ತಿಂಗಳಾಗಿತ್ತೆಂದು 2018ರ ಡಿಸೆಂಬರ್‌ನ ಸಂಸದೀಯ ಸಮಿತಿ ವರದಿ ಹೇಳುತ್ತದೆ. 2017ರ ಜುಲೈ ಕೊನೆಯಲ್ಲಿ ಆ ಪತ್ರವನ್ನು ಬದಲಿಸಿದ ಬಳಿಕವೇ ಕಳ್ಳತನ ಕಣ್ಣಿಗೆ ಬಿದ್ದಿತು. ಸಾಲದೆಂಬಂತೆ, ಸಂತ್ರಸ್ತರ ನೆರವಿಗೆ ಸಂಸ್ಥೆ ತನ್ನ ಮೂಲ ಡೊಮೇನ್ ಬಿಟ್ಟು ಹೊಸದೊಂದನ್ನು ತೆರೆಯಿತು. ಅದನ್ನೇ ಹೋಲುವ ಹೆಸರಿನ ಅಣಕು ತಾಣವನ್ನು ಬೇರೊಬ್ಬರು ಸೃಷ್ಟಿಸಿದಾಗ, ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯೇ ಜನರನ್ನು ಅಲ್ಲಿಗೆ ಕಳುಹಿಸಿತು. ಹೆಸರುಗಳು ಹೆಚ್ಚಾದಂತೆ ಗೊಂದಲವೂ ಹೆಚ್ಚುತ್ತದೆ, ಸ್ವಂತ ಮನೆಯವರಿಗೂ ಗುರುತು ತಪ್ಪುತ್ತದೆ.

ಎರಡನೆಯ ಮಿತಿ ಇನ್ನೂ ಸೂಕ್ಷ್ಮವಾದದ್ದು. ವಿಳಾಸವನ್ನು ಸರ್ವರ್‌ಗೆ ಜೋಡಿಸುವ ಡಿಎನ್‌ಎಸ್ ದಾಖಲೆಯನ್ನೇ ಕನ್ನಗಾರರು ಬದಲಿಸಿದರೆ, ಅವರು ಆ ಹೆಸರಿಗೆ ಕ್ರಮಬದ್ಧವಾದ ಪ್ರಮಾಣಪತ್ರವನ್ನೇ ಪಡೆಯಬಹುದು. ಆಗ ತಪಾಸಣೆಯ ಕೋಷ್ಟಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇಂತಹ ದಾಳಿಗಳು ನಡೆದ ಹಿನ್ನೆಲೆಯಲ್ಲಿ 2019ರ ಜನವರಿ 22ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ‘ಸಿಐಎಸ್‌ಎ’ ತುರ್ತು ನಿರ್ದೇಶನ ಹೊರಡಿಸಿ, 10 ಕೆಲಸದ ದಿನಗಳೊಳಗೆ ಡಿಎನ್‌ಎಸ್ ದಾಖಲೆಗಳನ್ನು ಪರಿಶೀಲಿಸಲು, ಅವುಗಳ ಖಾತೆಗಳ ಗುಪ್ತಪದ ಬದಲಿಸಲು, ಎರಡು ಹಂತದ ದೃಢೀಕರಣ ಅಳವಡಿಸಲು ಸೂಚಿಸಿತು. ಪ್ರಮಾಣಪತ್ರಗಳ ಸಾರ್ವಜನಿಕ ದಾಖಲೆಯಲ್ಲಿ ತಾವು ಕೇಳದ ಪತ್ರ ಕಾಣಿಸಿಕೊಂಡಿದೆಯೇ ಎಂದು ಗಮನಿಸುವುದೂ ಆ ನಿರ್ದೇಶನದ ಭಾಗವಾಗಿತ್ತು.

ಭಾರತದ ಸಂದರ್ಭ

ಪ್ರಮಾಣಪತ್ರದ ವಿಷಯದಲ್ಲಿ ಭಾರತಕ್ಕೂ ಅನುಭವವಿದೆ. 2014ರ ಜುಲೈನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿಯ ಪ್ರಮಾಣಪತ್ರ ವಿತರಣಾ ವ್ಯವಸ್ಥೆಯಿಂದ ಗೂಗಲ್‌ನ ಹಲವು ಡೊಮೇನ್‌ಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಅವುಗಳ ಮೂಲ ಪತ್ರಗಳನ್ನು ಭಾರತದ ಪ್ರಮಾಣೀಕರಣ ನಿಯಂತ್ರಕರು ಕೂಡಲೇ ರದ್ದುಪಡಿಸಿದರು. ಗೂಗಲ್ ತನ್ನ ಬ್ರೌಸರ್‌ನಲ್ಲಿ ಭಾರತೀಯ ಪ್ರಾಧಿಕಾರದ ಮೇಲಿನ ನಂಬಿಕೆಯನ್ನು ಕೆಲವೇ ಡೊಮೇನ್‌ಗಳಿಗೆ ಸೀಮಿತಗೊಳಿಸಿತು.

ಸರ್ಕಾರಿ ಜಾಲತಾಣಗಳನ್ನು ಎನ್‌ಐಸಿ ಸರ್ವರ್‌ಗಳಲ್ಲಿ ಇರಿಸುವ ಮುನ್ನ, 2004ರಲ್ಲಿ ಸ್ಥಾಪನೆಯಾದ ‘ಸರ್ಟ್-ಇನ್’ ಮಾನ್ಯತೆ ನೀಡಿದ ಪರಿಶೋಧಕರಿಂದ ಭದ್ರತಾ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಭಾರತದಲ್ಲಿದೆ. ಇದು ಒಳಹೊಕ್ಕು ನೋಡುವ ಆಳವಾದ ಪರಿಶೋಧನೆ. ಹೊರಗಿನ ಸಾಮೂಹಿಕ ತಪಾಸಣೆ ಇದಕ್ಕೆ ಬದಲಿಯಲ್ಲ, ಪೂರಕ. ಮೊದಲನೆಯದು ಒಂದು ತಾಣವನ್ನು ನಿಗದಿತ ಸಮಯದಲ್ಲಿ ಕೂಲಂಕಷವಾಗಿ ನೋಡುತ್ತದೆ. ಎರಡನೆಯದು ಎಲ್ಲ ತಾಣಗಳನ್ನು ಮೇಲುಮೇಲೆ, ಆದರೆ ಪದೇ ಪದೇ ನೋಡುತ್ತದೆ. ಎರಡು ಪರಿಶೋಧನೆಗಳ ನಡುವೆ ಮುಗಿದುಹೋಗುವ ಪ್ರಮಾಣಪತ್ರ, ಪಟ್ಟಿಯಲ್ಲೇ ಇಲ್ಲದ ಉಪ ಡೊಮೇನ್ ಸಿಗುವುದು ಎರಡನೆಯದರ ಬಲೆಗೆ.

ಡೊಮೇನ್ ಹೆಸರನ್ನೇ ಭದ್ರತೆಯ ಗುರುತಾಗಿಸುವ ಪ್ರಯತ್ನವೂ ಇಲ್ಲಿ ನಡೆದಿದೆ. ಬ್ಯಾಂಕುಗಳೆಲ್ಲವೂ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಡೊಮೇನ್‌ಗೆ ಬದಲಾಗಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 22ರಂದು ಸುತ್ತೋಲೆ ಹೊರಡಿಸಿತು. ನೋಂದಣಿಯ ಹೊಣೆಯನ್ನು ಹೈದರಾಬಾದಿನ ‘ಐಡಿಆರ್‌ಬಿಟಿ’ ಸಂಸ್ಥೆಗೆ ಒಪ್ಪಿಸಲಾಯಿತು. ಬ್ಯಾಂಕಲ್ಲದವರಿಗೆ ಈ ಹೆಸರು ಸಿಗದಾದ್ದರಿಂದ ಗ್ರಾಹಕರಿಗೆ ಅಸಲಿ, ನಕಲಿಗಳ ಗುರುತು ಸುಲಭವಾಗುತ್ತದೆ. ಆದರೆ ಹೊಸ ಮನೆಗೆ ಹೋದವರು ಹಳೆಯ ಮನೆಯ ಬಾಗಿಲನ್ನು ಮರೆಯುವಂತಿಲ್ಲ. ನವೀಕರಿಸದೆ ಬಿಟ್ಟ ಹಳೆಯ ಡೊಮೇನನ್ನು ಬೇರೆಯವರು ಕೊಂಡರೆ, ಅಲ್ಲಿಗೆ ಬರುವ ಗ್ರಾಹಕರೂ ಮಿಂಚಂಚೆಗಳೂ ಅವರ ಪಾಲಾಗುವ ಅಪಾಯವಿದೆ.

ಕನ್ನಡ ಲಿಪಿಯಲ್ಲಿಯೇ ಬರೆಯಬಹುದಾದ ‘ಡಾಟ್ ಭಾರತ’ ಡೊಮೇನ್‌ಗಳೂ ಈಗ ಇವೆ. ಕನ್ನಡದಲ್ಲಿ ಬರೆದ ಹೆಸರು ಜಾಲದೊಳಗೆ ರೋಮನ್ ಅಕ್ಷರಗಳ ಸಂಕೇತವಾಗಿ ಬದಲಾಗಿ ಸಂಚರಿಸುತ್ತದೆ. ಕನ್ನಡ ವಿಳಾಸ ಹೊಂದಿರುವ ಸಂಸ್ಥೆಗಳು ತಪಾಸಣೆಯ ಪಟ್ಟಿಯಲ್ಲಿ ಅದನ್ನೂ ಸೇರಿಸದಿದ್ದರೆ, ಆ ಬಾಗಿಲು ಪರೀಕ್ಷೆಗೇ ಒಳಪಡುವುದಿಲ್ಲ.

ಕಾನೂನಿನ ಎಚ್ಚರಿಕೆ

ಈ ತಂತ್ರಾಂಶಗಳು ಸಾಮಾನ್ಯ ಬ್ರೌಸರ್‌ನಂತೆಯೇ ತಾಣವನ್ನು ಮಾತನಾಡಿಸುತ್ತವೆ. ಬೀಗ ಮುರಿಯಲು ಯತ್ನಿಸುವುದಿಲ್ಲ. ಆದರೆ ಭದ್ರತಾ ಸಾಧನಗಳೆಲ್ಲವೂ ಹೀಗಿರುವುದಿಲ್ಲ. ದೌರ್ಬಲ್ಯವನ್ನು ಕೆದಕಿ ನೋಡುವ ಸಾಧನಗಳನ್ನು ಬೇರೆಯವರ ತಾಣದ ಮೇಲೆ ಪ್ರಯೋಗಿಸುವುದು ಭಾರತದಲ್ಲಿ ಅಪರಾಧವಾಗಬಹುದು. ಮಾಲೀಕರ ಅನುಮತಿಯಿಲ್ಲದೆ ಗಣಕ ಅಥವಾ ಜಾಲವನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಡಿ ಬರುತ್ತದೆ. ದುರುದ್ದೇಶವಿದ್ದರೆ 66ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಾಗಾಗಿ ಸ್ವಂತ ಡೊಮೇನ್‌ಗಳಿಗೆ ಅಥವಾ ಲಿಖಿತ ಒಪ್ಪಿಗೆ ಇರುವ ಕಡೆಗೆ ಮಾತ್ರ ಇವುಗಳನ್ನು ಬಳಸುವುದು ಕ್ಷೇಮಕರ.

ಇಂದಿನ ಸ್ಥಿತಿ

ಡೊಮೇನ್ ಸ್ಕ್ಯಾನ್‌ಗೆ ಜನ್ಮ ನೀಡಿದ 18ಎಫ್ ತಂಡವನ್ನು ಅಮೆರಿಕ ಸರ್ಕಾರ 2025ರ ಮಾರ್ಚ್ ಆರಂಭದಲ್ಲಿ ವಿಸರ್ಜಿಸಿತು. ಪಲ್ಸ್ ಫಲಕವೂ ಈಗಿಲ್ಲ. ಆದರೆ ತಂಡವು ತನ್ನ ಕೆಲಸವನ್ನು ಹಕ್ಕುಸ್ವಾಮ್ಯದ ಕಟ್ಟಿಲ್ಲದೆ ಸಾರ್ವಜನಿಕರಿಗೆ ಅರ್ಪಿಸಿದ್ದರಿಂದ, ಅದರ ವಿಧಾನವನ್ನು ಯಾರು ಬೇಕಾದರೂ ಮುಂದುವರಿಸಬಹುದು. ಇದೇ ಹಾದಿಯ ಬೇರೆ ಪ್ರಯತ್ನಗಳೂ ಇವೆ. ನೆದರ್‌ಲೆಂಡ್ಸ್‌ನಲ್ಲಿ 2015ರಲ್ಲಿ ಆರಂಭವಾದ ‘ಇಂಟರ್ನೆಟ್ ಡಾಟ್ ಎನ್‌ಎಲ್’, 2009ರಿಂದ ತಾಣಗಳಿಗೆ ಅಕ್ಷರದ ಶ್ರೇಣಿ ನೀಡುತ್ತಿರುವ ‘ಎಸ್‌ಎಸ್‌ಎಲ್ ಲ್ಯಾಬ್ಸ್’, 2016ರಲ್ಲಿ ಮೊಝಿಲ್ಲಾ ತೆರೆದ ‘ಅಬ್ಸರ್ವೇಟರಿ’ ಅವುಗಳಲ್ಲಿ ಮುಖ್ಯವಾದವು.

ಮುಂಬರುವ ವರ್ಷಗಳಲ್ಲಿ ಇಂತಹ ತಪಾಸಣೆಯ ಅಗತ್ಯ ಹೆಚ್ಚಲಿದೆ. ಬ್ರೌಸರ್ ತಯಾರಕರು ಮತ್ತು ಪ್ರಮಾಣಪತ್ರ ವಿತರಕರ ಒಕ್ಕೂಟವು 2025ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಣಯದಂತೆ, 398 ದಿನಗಳಿದ್ದ ಪ್ರಮಾಣಪತ್ರದ ಗರಿಷ್ಠ ಅವಧಿ ಹಂತ ಹಂತವಾಗಿ ಇಳಿಯುತ್ತದೆ. 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100 ದಿನ, 2029ರ ಮಾರ್ಚ್ 15ರಿಂದ ಕೇವಲ 47 ದಿನ. ವರ್ಷಕ್ಕೊಮ್ಮೆ ಗುಮಾಸ್ತರೊಬ್ಬರ ನೆನಪಿನ ಮೇಲೆ ನಡೆಯುತ್ತಿದ್ದ ನವೀಕರಣಕ್ಕೆ ಇನ್ನು ಯಂತ್ರದ ನೆರವು ಅನಿವಾರ್ಯ.

ಸಣ್ಣ ಸಂಸ್ಥೆಗಳಿಗೂ ಈ ವಿಧಾನ ನಿಲುಕದ್ದೇನಲ್ಲ. ತನ್ನ ಹೆಸರಿನಲ್ಲಿರುವ ಡೊಮೇನ್ ಮತ್ತು ಉಪ ಡೊಮೇನ್‌ಗಳ ಪಟ್ಟಿ, ಪ್ರತಿಯೊಂದರ ಎದುರು ಹೊಣೆ ಹೊತ್ತ ವ್ಯಕ್ತಿಯ ಹುದ್ದೆ, ಪ್ರಮಾಣಪತ್ರ ಮತ್ತು ನೋಂದಣಿ ಮುಗಿಯುವ ದಿನಾಂಕ, ಇನ್ನು ಬೇಡವಾದುದನ್ನು ಕ್ರಮಬದ್ಧವಾಗಿ ಮುಚ್ಚಿದ ದಾಖಲೆ ಇಷ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ತಂತ್ರಾಂಶ ವಾರಕ್ಕೊಮ್ಮೆ ಮಾಡಿಕೊಡುತ್ತದೆ.